ಅಡುಗೆ ದೊಡ್ಡಮ್ಮನ ಹಗೆ

ದೊಡ್ಡಮ್ಮನ ಬೆರಳ ತುದಿಯಲ್ಲಿ ರೇಖೆಗಳೇ ಇರಲಿಲ್ಲ. ಹಬೆಯಾಡುವ ಹಿಟ್ಟನ್ನು ತಪ್ಪಲೆಯಿಂದ ಬರಿಗೈಯಲ್ಲಿ ಬಾಚಿ ಮುದ್ದೆ ಕಟ್ಟಿ ಕಟ್ಟಿ ಎಲ್ಲ ಸವೆದುಹೋಗಿದ್ದವು. ಪಡಿತರ ಅಂಗಡಿಯ ಬೆರಳಚ್ಚಿನ ಯಂತ್ರ ಅವಳನ್ನು ಗುರುತೇ ಹಿಡಿಯುತ್ತಿರಲಿಲ್ಲ. ನನಗೆ ಅವಳು ನೆಂಟಳಲ್ಲ. ಮಧುಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು. ಮಿಡಿಗೇಶಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಹುಡುಗಿಯರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು.

ಹತ್ತನೇ ತರಗತಿಯಲ್ಲಿ ನನಗೆ ಕಾಮಾಲೆಯಾದಾಗ ಊರಿಗೆ ಕಳಿಸಲು ಬಿಡದೆ, ತಿಂಗಳು ಪೂರ್ತಿ ನನಗೊಬ್ಬಳಿಗೇ ಗಂಜಿ ಕಾಯಿಸಿದಳು. "ನೀನು ಪರೀಕ್ಸೆ ಬರಿ, ನಿನ್ ಹೊಟ್ಟೆ ನಾನ್ ನೋಡ್ಕಂತೀನಿ" ಅಂದಿದ್ದಳು. ಇವತ್ತು ನಾನು ಸಿರಾದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರೆ ಅದು ಆ ಗಂಜಿಯ ಋಣ.

ಹಾಗೆಂದು ಸಾಧು ಹೆಂಗಸೇನಲ್ಲ. ಸಾರು ಸಪ್ಪೆ ಎಂದು ಎಲ್ಲರೆದುರು ಮೂದಲಿಸಿದ ವಾರ್ಡನ್ನಿಗೆ, ಅವರು ವರ್ಗವಾಗಿ ಹೋಗುವ ತನಕ ಉಪ್ಪಿಲ್ಲದ ಸಾರನ್ನೇ ಬಡಿಸಿದಳು. ಸಾಕು ಬಿಡು ದೊಡ್ಡಮ್ಮ ಎಂದರೆ, "ಹಗೆ ಅಂದ್ರೆ ಹಗೇವಿನ ರಾಗಿ ಇದ್ದಂಗೆ ಕಣವ್ವ. ನೆಲದೊಳಗೆ ಎಷ್ಟ್ ವರ್ಸ ಇದ್ರೂ ಹುಳ ಬೀಳಕಿಲ್ಲ" ಎನ್ನುತ್ತಿದ್ದಳು.

ಹೋದ ವರ್ಷ ಊಟ ಸೇರದೆ ಕಡ್ಡಿಯಾದಳು. ಮಕ್ಕಳಿಲ್ಲದವಳು, ನನಗೇ ಫೋನು ಮಾಡಿದಳು. ಜಿಲ್ಲಾ ಕೇಂದ್ರದ ದೊಡ್ಡ ಖಾಸಗಿ ಆಸ್ಪತ್ರೆಗೆ, ಹೊಟ್ಟೆ-ಕರುಳಿನ ತಜ್ಞರ ಬಳಿ ಕರೆದುಕೊಂಡು ಹೋದೆ. ಅರ್ಧ ದಿನ ಕಾದು ಒಳಗೆ ಹೋದರೆ ಡಾಕ್ಟರು ಕಂಪ್ಯೂಟರಿನಿಂದ ಕಣ್ಣೇ ಕೀಳಲಿಲ್ಲ.

"ಹೊಟ್ಟೆ ಉರಿ ಸ್ವಾಮಿ. ಹೊರಕಡೆ ಕಪ್ಪಗೆ ಆಯ್ತಾ ಐತೆ."

"ಹೊರಗಡೆ ಕಪ್ಪಾದ್ರೆ ಚರ್ಮದ ಡಾಕ್ಟ್ರನ್ನ ನೋಡಿ ಅಜ್ಜಿ. ನಾನು ಒಳಗಿನ ಡಾಕ್ಟ್ರು."

ನರ್ಸ್ ನಕ್ಕಳು. ನನಗೂ ನಗು ಬಂತು. ನಮ್ಮ ಕಡೆ ಹೊರಕಡೆ ಎಂದರೆ ಮಲ. ಅಂಥ ಜಾಗದಲ್ಲಿ ಆ ಮಾತನ್ನು ಬಿಡಿಸಿ ಹೇಳಲು ನಾಚಿಕೆಯಾಯಿತು. ದೊಡ್ಡ ಡಾಕ್ಟರು, ಪರೀಕ್ಷೆ ಮಾಡಿದರೆ ಅವರಿಗೇ ತಿಳಿಯುತ್ತದೆ ಅಂದುಕೊಂಡೆ. ಪರೀಕ್ಷೆಯನ್ನೂ ಮಾಡಲಿಲ್ಲ. ಗ್ಯಾಸಿನ ಮಾತ್ರೆ ಬರೆದು ಮುಂದಿನವರನ್ನು ಕರೆದರು.

ಹನ್ನೆರಡನೇ ದಿನ ದೊಡ್ಡಮ್ಮ ರಕ್ತ ಕಾರಿಕೊಂಡಳು. ಮಧುಗಿರಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಹೊರಕಡೆ ಕಪ್ಪಗೆ ಹೋಯ್ತಿತ್ತಾ ಅಮ್ಮ?" ಹೊಟ್ಟೆಯ ಹುಣ್ಣಿನಿಂದ ಎಷ್ಟೋ ದಿನದಿಂದ ರಕ್ತ ಸೋರುತ್ತಿದೆ, ಮಲ ಕಪ್ಪಾಗುವುದು ಅದಕ್ಕೇ, ಬೇಗ ಬಂದಿದ್ದರೆ ಉಳಿಸಬಹುದಿತ್ತು ಎಂದರು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು.

"ಅವತ್ತು ನಗಾಡ್ದೋರ್ನ ಸುಮ್ಕೆ ಬುಡ್ಬ್ಯಾಡ ಕಣವ್ವ."

"ಬಿಡಲ್ಲ ದೊಡ್ಡಮ್ಮ" ಅಂದೆ. ಮಾರನೇ ದಿನ ಹೋಗಿಬಿಟ್ಟಳು.

ತಿಥಿ ಮುಗಿದ ವಾರವೇ ನನ್ನ ಹೆಸರಿನಲ್ಲಿ ಚೀಟಿ ಮಾಡಿಸಿ ಅದೇ ಡಾಕ್ಟರ ಮುಂದೆ ಕೂತೆ. "ಹೊರಕಡೆ ಕಪ್ಪಗೆ ಆಗ್ತಿದೆ" ಎಂದೆ.

"ಚರ್ಮದ ಮೇಲಾ?" ಎಂದರು.

ಇದಕ್ಕೇ ಕಾದಿದ್ದೆ. ಅವರು ಬರೆದ ಗ್ಯಾಸಿನ ಚೀಟಿಯನ್ನೂ ದೊಡ್ಡಮ್ಮನ ಮರಣ ಪ್ರಮಾಣಪತ್ರವನ್ನೂ ಮೇಜಿನ ಮೇಲೆ ಇಟ್ಟೆ. "ಹೊರಕಡೆ ಅಂದ್ರೆ ಮಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹೆಂಗಸರ ಹೊಟ್ಟೆ ನೋಡೋಕೆ ಕೂತಿದ್ದೀರಿ, ಇಷ್ಟು ಗೊತ್ತಿಲ್ಲ. ಹೇಳಿ, ನಿಮ್ಮ ಬಾಯಲ್ಲಿ ಒಂದ್ಸಲ ಹೇಳಿ."

ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುವ ಹಾಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಹೊರಕಡೆ" ಎಂದರು, ಮೆಲ್ಲಗೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವರು ಚೀಟಿಯ ಮೇಲಿನ ತಾರೀಖನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅವತ್ತು ಅಜ್ಜಿ ಜೊತೆ ಬಂದಿದ್ದು ನೀವೇ ಅಲ್ವಾ ಮೇಡಂ? ನಿಮಗೆ ಅರ್ಥ ಆಗಿತ್ತಾ?"

ಆಗಿತ್ತು.