ನಾದಿಯಾಳ ದನಿ

ಕೆಟ್ಟ ಕಣ್ಣಿನ ನದರು ತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಗದಗಿನಲ್ಲಿ ಅಜ್ಜಿ ನಿವಾಳಿಸಿ ಮೆಣಸಿನಕಾಯಿ ಸುಡುವಾಗ ಕೆಮ್ಮುತ್ತಲೇ ನಕ್ಕವಳು ನಾನು. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ಅಮೆರಿಕದ ಸಮಾಮಿಶ್‌ಗೆ ಬರುವ ಮೊದಲು ನಾವು ನಾಲ್ಕು ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೆವು. ಸುತ್ತಲಿನ ಇಂಗ್ಲಿಷಿನ ನಡುವೆ ತಮ್ಮ ಫ್ರೆಂಚನ್ನು ಜೋಪಾನ ಮಾಡುವ ಜನ ಅಲ್ಲಿಯವರು. ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಮಗಳು ಸನಾ ಅಲ್ಲಿ ಫ್ರೆಂಚ್ ಕಲಿತಳು. ನನಗೆ ಹತ್ತಲಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅಂಗಡಿಗಳಲ್ಲಿ ಮೂಕಿಯಂತೆ ನಿಲ್ಲುತ್ತಿದ್ದೆ. ಸಮಾಮಿಶ್‌ನಲ್ಲಿ ನಮ್ಮ ಪಕ್ಕದ ಮನೆಗೆ ಮಾಂಟ್ರಿಯಲ್‌ನಿಂದಲೇ ಬಂದವಳು ಅಲ್ಜೀರಿಯಾದ ನಾದಿಯಾ. ಅವಳದೂ ಅದೇ ಸ್ಕಾರ್ಫು, ಆದರೆ ಫ್ರೆಂಚ್ ನೀರು ಕುಡಿದಷ್ಟು ಸಲೀಸು.

ಏಳು ವರ್ಷದ ಸನಾ ಶಾಲೆ ಬಿಟ್ಟೊಡನೆ ಅವಳ ಮನೆಗೆ ಓಡುತ್ತಿದ್ದಳು. ನಾದಿಯಾ ಫ್ರೆಂಚ್ ಕಥೆ ಓದಿದರೆ ತೊಡೆಗೊರಗಿ ಕೇಳುತ್ತಿದ್ದಳು. ನನ್ನೊಂದಿಗೆ ಕೇಳಿದ್ದಕ್ಕಷ್ಟೇ ಉತ್ತರ. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇಕೆ?

ಒಂದು ಮಧ್ಯಾಹ್ನ ಸನಾಳನ್ನು ಕರೆತರಲು ಹೋದಾಗ, ನಾದಿಯಾಳಿಗೆ ಇಂಗ್ಲಿಷಿನಲ್ಲಿ, ಎಂಥ ದನಿ ನಿಮ್ಮದು ಎಂದೆ. ಹೊಗಳಿದ ಬೆನ್ನಿಗೇ ‘ಮಾಷಾ ಅಲ್ಲಾಹ್’ ಅನ್ನಬೇಕು, ನದರಾಗದಿರಲೆಂದು. ಈ ರೂಢಿ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ತುಟಿಯವರೆಗೆ ಬಂದದ್ದನ್ನು ಬೇಕೆಂದೇ ನುಂಗಿದೆ. ನಾದಿಯಾ ಆ ಮಾತಿಗಾಗಿ ಕಾದಳು.

ಮರುದಿನ ಅವಳ ದನಿ ಹೋಯಿತು. ಜ್ವರವಿಲ್ಲ, ನೋವಿಲ್ಲ. ಗಂಟಲಲ್ಲಿ ಏನೂ ಇಲ್ಲವೆಂದರು ಡಾಕ್ಟರು. “ಹವಾ ಬದಲಾಗೇತಿ, ಆರಾಮ ಆಗ್ತಾರ ತಗೋ,” ಎಂದರು ನನ್ನ ಗಂಡ.

ಕಥೆ ಓದುವವರಿಲ್ಲದೆ ಸನಾ ಮನೆಯಲ್ಲೇ ಉಳಿದಳು. ನನ್ನ ಜೊತೆ ರೊಟ್ಟಿ ಬಡಿದಳು, ಕನ್ನಡದಲ್ಲಿ ಹರಟಿದಳು. ನನಗಂತೂ ಹಬ್ಬ. ಎಂಟನೆಯ ದಿನ, ಹಿಟ್ಟು ನಾದುತ್ತ ಕೇಳಿದಳು: “ಅವ್ವಾ, ಅವತ್ತ ನೀ ಮಾಷಾ ಅಲ್ಲಾಹ್ ಯಾಕ ಅನ್ಲಿಲ್ಲ?”

“ಮರತೆ, ಸನಾ.”

“ಇಲ್ಲ. ಬಾಯಿ ಗಟ್ಟಿ ಮುಚ್ಕೊಂಡಿ. ನಾ ನೋಡೀನಿ.”

ಹತ್ತು ಹೆಜ್ಜೆ ನಡೆದು ಆ ಮಾತು ಹೇಳಿಬಂದರೆ ಮುಗಿಯುತ್ತಿತ್ತು. ಆದರೆ ನಾದಿಯಾಳ ದನಿ ಬಂದರೆ ಮಗಳು ಮತ್ತೆ ಅವಳ ಪಾಲು. ಇನ್ನೂ ಮೂರು ದಿನ ನಾನು ಹೋಗಲಿಲ್ಲ. ನಾಲ್ಕನೆಯ ದಿನ ನಾಚಿಕೆ ತಡೆಯಲಾರದೆ ಹೋಗಿ, ಅವಳ ಕೈ ಹಿಡಿದು ಆ ಮಾತು ಹೇಳಿದೆ. ಅವಳು ಕಣ್ಣೊರೆಸಿಕೊಂಡು, ತುಂಬು ದನಿಯಲ್ಲಿ, ಒಳಗೆ ಬಾ ಎಂದಳು.

ಗಂಟಲು ಅಂದೇ ವಾಸಿಯಾಗುವುದಿತ್ತೋ, ಅಥವಾ ಬೇರೇನೋ, ಇಂದಿಗೂ ತಿಳಿಯದು. ಆ ಸಂಜೆ ಸನಾ ಹಳದಿ ಫ್ರಾಕು ಹಾಕಿಕೊಂಡು ಪಕ್ಕದ ಮನೆಗೆ ಹೊರಟಳು. ಎಷ್ಟು ಚಂದ ಕಾಣುತ್ತೀ ಎನ್ನಲು ಬಾಯಿ ತೆರೆದೆ. ಅವಳು ಓಡಿಬಂದು ಎರಡೂ ಕೈಗಳಿಂದ ನನ್ನ ಬಾಯಿ ಮುಚ್ಚಿದಳು.

“ನನಗ ಏನೂ ಅನಬ್ಯಾಡ ಅವ್ವಾ,” ಎಂದಳು.