ಕಾಂತೇಶನ ಪೆಟ್ಟಿಗೆಯೊಳಗಿನ ರಕ್ತನಾಳ

ಬೈಲಹೊಂಗಲದ ಕಾಂತೇಶನಿಗೆ ಐವತ್ತರ ಹತ್ತಿರ ವಯಸ್ಸು. ಕಿತ್ತೂರಿನಿಂದ ರಾಮದುರ್ಗದವರೆಗೆ ಸ್ಕ್ಯಾನಿಂಗ್ ಸೆಂಟರುಗಳ ಯಂತ್ರ ಪರೀಕ್ಷಿಸುವುದು ಅವನ ಕೆಲಸ. ಹೆಂಡತಿ ಪದ್ಮವ್ವ ಚಹಾಕ್ಕೆ ಹಾಕುವ ಸಕ್ಕರೆಯನ್ನು ಪರೀಕ್ಷಿಸುವುದು ಅವನ ಸ್ವಭಾವ. ಬೈಕಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ಕೃತಕ ರಕ್ತನಾಳವಿದೆ: ಮೆತ್ತನೆಯ ಜೆಲ್ಲಿನಲ್ಲಿ ಹುದುಗಿಸಿದ ಸಣ್ಣ ನಳಿಕೆ, ಅದರೊಳಗೆ ರಕ್ತದಂಥ ದ್ರವ ಓಡಿಸುವ ಪಂಪು. ಪಂಪಿನ ವೇಗ ಐವತ್ತಿದ್ದರೆ ಯಂತ್ರವೂ ಐವತ್ತನ್ನೇ ತೋರಿಸಬೇಕು. ಇಲ್ಲದಿದ್ದರೆ, ಆ ಯಂತ್ರವನ್ನು ನಂಬಬೇಡಿ ಎಂಬ ಕೆಂಪು ಚೀಟಿ. ಅದನ್ನು ಅಂಟಿಸುವಾಗ ಕಾಂತೇಶನ ಕುತ್ತಿಗೆ ಒಂದು ಇಂಚು ಉದ್ದವಾಗುತ್ತದೆ.

ಅವತ್ತು ಕಿತ್ತೂರು, ಬೈಲಹೊಂಗಲ, ಸವದತ್ತಿ ಮೂರೂ ಕಡೆ ಯಂತ್ರಗಳು ಐವತ್ತರ ಬದಲು ಎಂಬತ್ತು ತೋರಿಸಿದವು. ಮೊದಲ ಚೀಟಿಗೆ ಹೆಮ್ಮೆಪಟ್ಟ, ಎರಡನೆಯದಕ್ಕೆ ಬೆವರಿದ, ಮೂರನೆಯದರ ನಂತರ ದಾರಿಯಲ್ಲಿ ಎರಡು ಸಲ ಬೈಕು ನಿಲ್ಲಿಸಿ ಪೆಟ್ಟಿಗೆ ಮುಟ್ಟಿ ನೋಡಿದ.

ರಾಮದುರ್ಗದ ಸೆಂಟರಿನಲ್ಲಿ ಕಟಕೋಳದ ಸೋಮವ್ವ ಕಾಯುತ್ತಿದ್ದಳು. ಎಪ್ಪತ್ತರ ಮುದುಕಿ. ಅವಳ ಕಾಲಿನ ನಾಳದಲ್ಲಿ ಒಂದೆಡೆ ರಕ್ತ ವಿಪರೀತ ವೇಗದಲ್ಲಿ ಓಡುತ್ತಿದೆ, ಅಂದರೆ ನಾಳ ಅಲ್ಲಿ ಕಿರಿದಾಗಿದೆ, ಆಪರೇಷನ್ ಬೇಕು ಎಂದು ಯಂತ್ರ ಹೇಳಿತ್ತು. ಯಂತ್ರದ ಪರೀಕ್ಷೆಯಾಗಲಿ, ಆಮೇಲೆ ಕೊನೆಯ ಮಾತು ಎಂದಿದ್ದರು ಡಾಕ್ಟರು.

ಅಲ್ಲೂ ಎಂಬತ್ತು.

"ಅಂದ್ರ ಮಷಿನ್ ಸುಳ್ಳ ಹೇಳೈತಿ! ಆಪರೇಷನ್ ಬ್ಯಾಡ, ಹೌದಲ್ರಿ?" ಸೋಮವ್ವನ ಮುಖ ಅರಳಿತು.

"ನನ್ನ ಮಷಿನ್ ಪರದೇಶದಿಂದ ಬಂದೈತಿ," ಡಾಕ್ಟರು ಗುಡುಗಿದರು.

"ನನ್ನ ಪೆಟ್ಟಿಗಿಗೂ ಸರ್ಟಿಫಿಕೇಟ್ ಐತ್ರಿ ಸಾಹೇಬ್ರ," ಎಂದ ಕಾಂತೇಶ. ಆದರೆ ಕೈ ಚೀಟಿಯತ್ತ ಹೋಗಿ ಹಿಂದೆ ಬಂತು.

ಸೋಮವ್ವನಿಗೆ ಡಾಕ್ಟರ ಬಾಯಿ ಮುಚ್ಚಿಸುವ ಅವಸರ. "ತಮ್ಮಾ, ನಿನ್ನ ಪಂಪಿನ ನೀರ ಅಳದ ತೋರಸು ಇವರಿಗೆ. ಬೋರ್ ಹೊಡಿಸಿದ್ರ ನಾವು ಕೊಡ ಹಿಡದ ನೋಡ್ತೇವಲ್ಲ, ಹಂಗ."

"ಇದು ಬೋರ್ ಅಲ್ಲಬೇ ಯವ್ವಾ. ಇಲ್ಲಿ ನಂಬರ್ ಬರತೈತಿ."

"ನಂಬರ್ ಕುಡಿಯಾಕ ಬರತೈತೇನ?"

ಡಾಕ್ಟರು ನಕ್ಕರು. ಅದನ್ನು ತಾಳಲಾರದೆ ಕಾಂತೇಶ ಪಂಪಿನ ನಳಿಕೆಯ ಬಾಯಿಗೆ ಅಳತೆಯ ಜಾಡಿ ಹಿಡಿದ. ಸೋಮವ್ವ ಗೋಡೆ ಗಡಿಯಾರ ನೋಡುತ್ತ ನಿಂತಳು. ವೇಗ ಐವತ್ತಿದ್ದರೆ ನಿಮಿಷಕ್ಕೆ ನೂರು ಮಿಲಿಲೀಟರ್ ಬರಬೇಕಿತ್ತು. ನೂರಾ ಅರವತ್ತು ಬಂತು.

ಪಂಪಿನ ನಂಬರು ಚಕ್ರದ ಸುತ್ತುಗಳನ್ನು ಎಣಿಸುತ್ತದೆ, ನೀರನ್ನಲ್ಲ. ಹೋದ ವಾರ ಪಂಪಿನೊಳಗಿನ ನಳಿಕೆ ಸೀಳಿದಾಗ ಕಾಂತೇಶ ಹನಿ ನೀರಾವರಿ ಅಂಗಡಿಯಿಂದ ಕಣ್ಣಳತೆಯಲ್ಲೇ ಹೊಸದನ್ನು ತಂದು ಹಾಕಿದ್ದ. ಅದರ ಬಾಯಿ ತುಸು ಅಗಲ; ಸುತ್ತು ಅಷ್ಟೇ, ನೀರು ಹೆಚ್ಚು. ಸಕ್ಕರೆಯನ್ನೂ ಅಳೆಯುವವನು ಅದೊಂದನ್ನು ಅಳೆದಿರಲಿಲ್ಲ.

"ಮಷಿನ್ ಬರೋಬರಿ ಐತ್ರಿ. ತಪ್ಪು ನಂದು."

ಡಾಕ್ಟರು ಎದೆಯುಬ್ಬಿಸಿದರು, ಸೋಮವ್ವನನ್ನು ಕಂಡು ಮೆಲ್ಲಗೆ ಇಳಿಸಿದರು.

"ಹಂಗಾರ ನನ್ನ ಕಾಲಿಂದೂ ಖರೇನ," ಎಂದಳು ಅವಳು. "ಸುಮ್ನ ಕುಂದರಬೇಕಾಗಿತ್ತು ನಾನು."

ಆಮೇಲೆ ಕಾಂತೇಶನ ಕಡೆ ತಿರುಗಿದಳು. "ಮುಂಜಾನಿಂದ ಎಷ್ಟ ಕಡೆ ಹಿಂಗ ಮಷಿನ್ ಸುಳ್ಳ ಅಂತ ಹೇಳಿ ಬಂದೀಯೋ?"

"ಮೂರು."

"ಅಲ್ಲಿನೂ ನನ್ನಂಗ ಯಾರರ ನಕ್ಕೋತ ಮನಿಗಿ ಹೋಗಿರತಾರ. ಲಗೂನ ಹೋಗು."

ಕಾಂತೇಶ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬೈಕಿಗೆ ಕಿಕ್ ಹೊಡೆದು ಸವದತ್ತಿಯತ್ತ ತಿರುಗಿಸಿದ.