ಈಜುಡುಗೆಯ ಒಳಜೇಬು

ಭಾನುವಾರ ನಮ್ಮ ಮನೆ ಏಳುವುದು ನೀರಿನ ಟ್ಯಾಂಕರಿನ ಹಾರ್ನಿಗೆ. ಆ ದಿನವೂ ಹಾಗೆಯೇ ಎದ್ದು ಹಾಲು ಕಾಯಲಿಟ್ಟೆ, ದೋಸೆ ಹಿಟ್ಟಿಗೆ ಉಪ್ಪು ಬೆರೆಸಿದೆ, ಬಾಲ್ಕನಿಯ ಕರಿಬೇವಿಗೆ ಅಕ್ಕಿ ತೊಳೆದ ನೀರು ಹಾಕಿದೆ. ಹುಬ್ಬಳ್ಳಿ ಕಡೆಯಿಂದ ಬ್ರೂಕ್‌ಫೀಲ್ಡ್‌ನ ಈ ಅಪಾರ್ಟ್‌ಮೆಂಟಿಗೆ ಬಂದು ನಮ್ಮ ಜೊತೆಗಿರುವ ಅತ್ತೆ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ಮುಗಿಸಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಬಂದವರು ಚಹಾ ಲೋಟ ಕೈಗೆತ್ತಿಕೊಂಡು ಹೇಳಿದರು:

"ನಾ ಆಡಾಕ ಹೋಗೂದಿಲ್ಲವ್ವಾ."

ಹತ್ತು ಗಂಟೆಗೆ ಕೆಳಗಿನ ಈಜುಕೊಳದಲ್ಲಿ ಹೆಂಗಸರ ವಾಟರ್ ಪೋಲೋ, ನೀರಲ್ಲಿ ಚೆಂಡೆಸೆದು ಗೋಲು ಹೊಡೆಯುವ ಆಟ, ನಮ್ಮ ಟವರಿಗೂ ಎದುರಿನ ಟವರಿಗೂ. ವಾರದಿಂದ ಅತ್ತೆ ಈರುಳ್ಳಿ, ಟೊಮೇಟೊ, ಸಿಕ್ಕಿದ್ದನ್ನೆಲ್ಲ ಒಂದೇ ಕೈಯಲ್ಲಿ ಎಸೆದು ಹಿಡಿಯುತ್ತ ಅಡುಗೆಮನೆ ತುಂಬ ಓಡಾಡಿದ್ದರು.

"ಯಾಕತ್ತೆ?"

ಫೋನನ್ನು ನನ್ನ ಮುಂದೆ ಹಿಡಿದರು. ಕೊಳದ ಕೋಚ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ ಸೂಚನೆ: ಕುತ್ತಿಗೆಯಲ್ಲಿ ಸರ, ದಾರ ಏನೂ ಇರಬಾರದು, ಎಳೆದಾಟದಲ್ಲಿ ಬಿಗಿದುಕೊಳ್ಳುತ್ತದೆ.

"ಮತ್ತ ಅದ ಮಾತು ನೋಡು."

ಆ 'ಮತ್ತ' ನನಗೆ ಅರ್ಥವಾಯಿತು. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತ ಈಜು ಅವರದು. ಅದು ಕಾಲೇಜಿನ ಪದಕಗಳವರೆಗೆ ಹೋಗಿತ್ತು. ಹುಡುಗಿಯರ ವಾಟರ್ ಪೋಲೋ ಆಗಿನ್ನೂ ಹೊಸದು, ತಂಡಕ್ಕೆ ಏಳು ಜನ ಕೂಡುವುದೇ ಕಷ್ಟ. ಸಣ್ಣ ಪಂದ್ಯಗಳಲ್ಲಿ ಕೊರಳ ದಾರವನ್ನು ಯಾರೂ ಗಮನಿಸಿರಲಿಲ್ಲ. ಒಂದು ಫೈನಲ್ಲಿನಲ್ಲಿ ಮಾತ್ರ, ನೀರಿಗಿಳಿಯುವ ಮುನ್ನ, ಎದುರಾಳಿಗೆ ಗೀರದಂತೆ ಕತ್ತರಿಸಿದ್ದಾರೋ ಎಂದು ಎಲ್ಲರ ಉಗುರು ನೋಡುತ್ತ ಬಂದ ರೆಫರಿ ಅದನ್ನು ಕಂಡು ತೆಗೆಯಲು ಹೇಳಿದರಂತೆ. ದೀಕ್ಷೆಯಾದ ಮೇಲೆ ಲಿಂಗವನ್ನು ಮೈಯಿಂದ ಅಗಲಿಸುವಂತಿಲ್ಲ. ಅತ್ತೆ ತೆಗೆಯಲಿಲ್ಲ. ಪಂದ್ಯ ಮುಗಿಯುವವರೆಗೂ ಟವೆಲ್ ಹೊದ್ದು ದಡದಲ್ಲಿ ಕೂತರು. ಸ್ವಲ್ಪ ದಿನಕ್ಕೇ ಮದುವೆಯಾಯಿತು. ಆಟ ಅಲ್ಲಿಗೇ ನಿಂತಿತು.

ನನಗೆ ಕಾನ್ವೆಂಟಿನ ಹೊಲಿಗೆ ಕ್ಲಾಸು ನೆನಪಾಯಿತು. ಬಸ್ಸಿನ ಚಿಲ್ಲರೆಗೆಂದು ಪೆಟಿಕೋಟಿನೊಳಗೆ ಪುಟ್ಟ ಜೇಬು ಹೊಲಿಯುವುದನ್ನು ಸಿಸ್ಟರ್ ಕಲಿಸಿದ್ದರು. ಒಂದು ಹೊಲಿಗೆ ಸಡಿಲವಾದರೂ ಪೂರ್ತಿ ಬಿಚ್ಚಿಸುತ್ತಿದ್ದರು.

"ಅತ್ತೆ, ನಿಮ್ಮ ಕಾಸ್ಟ್ಯೂಮ್ ಕೊಡಿ. ಎದೆ ಹತ್ರ ಒಳಗಡೆ ಒಂದು ಜೇಬು ಹೊಲೀತೀನಿ. ಲಿಂಗ ಮೈಮೇಲೇ ಇರುತ್ತೆ, ಕುತ್ತಿಗೆಯಲ್ಲಿ ಏನೂ ಇರಲ್ಲ."

ಅತ್ತೆ ಲೋಟ ಕೆಳಗಿಟ್ಟರು. "ಹೊಲಿಗಿ ಬಿಚ್ಚಿ ನೀರಾಗ ಬಿದ್ರ?"

"ಬೀಳಲ್ಲ."

ಹೇಳಿಯೇನೋ ಬಿಟ್ಟೆ. ಸೂಜಿಗೆ ಪೋಣಿಸಿದ ದಾರವನ್ನು ಎರಡು ಸಲ ಎಳೆದು ನೋಡಿದೆ. ಹಳೆಯ ರವಿಕೆಯ ಲೈನಿಂಗ್ ಬಟ್ಟೆ, ಎರಡೆಳೆ ದಾರ, ಒತ್ತೊತ್ತಾಗಿ ಎರಡು ಸಾಲು. ಅವರು ಉಡುಗೆ ತೊಟ್ಟ ಮೇಲೆ ಲಿಂಗವನ್ನು ಜೇಬಿಗಿಳಿಸಿಕೊಂಡರು. ಜೇಬಿನ ಬಾಯನ್ನು ಅವರ ಮೈಮೇಲೇ ಹೊಲಿದೆ.

"ಏ, ಚುಚ್ಚಬ್ಯಾಡ! ಈ ವಯಸ್ಸಿನಾಗ ತೂತು ಬಿದ್ರ ಮುಳುಗಿಬಿಡ್ತೀನಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೂಜಿ ನನ್ನ ಬೆರಳಿಗೇ ಚುಚ್ಚಿತು.

ಕೆಳಗೆ, ಎದುರಿನ ಐಟಿ ಪಾರ್ಕಿನ ಗಾಜಿಗೆ ಬಿದ್ದ ಬಿಸಿಲು ಕೊಳದ ತುಂಬ ಕುಣಿಯುತ್ತಿತ್ತು. ಕೋಚ್ ಅತ್ತೆಯನ್ನು ಕಂಡವನೇ, "ಅಮ್ಮಾ, ನೀವು ಸ್ಕೋರ್ ಬರ್ಕೊಳ್ತೀರಾ?" ಎಂದ. ಅತ್ತೆ ಎರಡೂ ಕೈ ಮುಂದೆ ಚಾಚಿ, ತಿರುಗಿಸಿ, ಉಗುರು ತೋರಿಸಿದರು. ಚರ್ಮದವರೆಗೆ ಕತ್ತರಿಸಿದ ಉಗುರು.

ಅವನ ಮುಖವೇ ಬದಲಾಯಿತು. "ಅಯ್ಯೋ, ನೀವು ಆಡಿರೋರು!" ಕಣ್ಣು ಅವರ ಕೊರಳ ಮೇಲೆ ಹಾಯಿತು. ಕೊರಳು ಬರಿದಾಗಿತ್ತು. "ಇಳೀರಿ ಅಮ್ಮಾ."

ಮತ್ತೆ ಎಲ್ಲರಿಗೂ ಕೂಗಿದ: "ನಿಜವಾದ ಆಟದಲ್ಲಿ ಕಾಲು ನೆಲಕ್ಕೆ ತಾಗಿಸೋ ಹಾಗಿಲ್ಲ. ಇಲ್ಲಿ ನಾಲ್ಕೂವರೆ ಅಡಿನೇ, ನಿಂತ್ಕೊಂಡೇ ಆಡಿ."

"ನಿಂತ್ರ ಅದೇನ್ ಆಟ?" ಅತ್ತೆ ನನ್ನತ್ತ ನೋಡಿ ಹೇಳಿ, ಸದ್ದಿಲ್ಲದೆ ನೀರಿಗಿಳಿದರು.

ಉಳಿದವರು ಎದೆಮಟ್ಟದ ನೀರಿನಲ್ಲಿ ತಟ್ಟಾಡಿಕೊಂಡು ನಡೆಯುತ್ತಿದ್ದರೆ ಅತ್ತೆ ಅವರ ನಡುವೆ ತೇಲಿದರು. ನೀರೊಳಗೆ ಅವರ ಕಾಲುಗಳು ಮಜ್ಜಿಗೆ ಕಡೆದಂತೆ ಸುತ್ತುತ್ತಲೇ ಇದ್ದವು. ಎದುರು ಟವರಿನವಳೊಬ್ಬಳು ಭುಜ ಹಿಡಿದೆಳೆದಾಗ ನನ್ನ ಕಣ್ಣು ಆ ಎರಡು ಸಾಲು ಹೊಲಿಗೆಯಿದ್ದಲ್ಲೇ ನೆಟ್ಟಿತ್ತು. ಸ್ಕೋರ್ ಎರಡು-ಎರಡು. ಇನ್ನೇನು ಕೋಚ್ ಕೊನೆಯ ಸೀಟಿ ಊದಬೇಕು, ಚೆಂಡು ಅತ್ತೆಯತ್ತ ಬಂತು. ಒಂದೇ ಕೈಯಲ್ಲಿ ಹಿಡಿದರು, ಸೊಂಟದವರೆಗೆ ನೀರಿನಿಂದ ಮೇಲೆದ್ದರು, ಬೀಸಿದರು.

ಗೋಲು!

ಕಾನ್ವೆಂಟಿನಲ್ಲಿ ದನಿ ಎತ್ತದೆ ಬೆಳೆದ ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಸೆಕ್ಯುರಿಟಿಯವರು ಓಡಿಬಂದರು. ಅತ್ತೆ ಮಾತ್ರ ಮೊದಲು ಎಡಗೈಯನ್ನು ಎದೆಗೆ ಒತ್ತಿ ನೋಡಿಕೊಂಡರು. ಆಮೇಲೆ ನನ್ನತ್ತ ತಿರುಗಿ ತಲೆಯಾಡಿಸಿದರು. ಇತ್ತು.

ಸಂಜೆ ಎದುರುಮನೆಯಾಕೆ ಕರಿಬೇವಿಗೆ ಬಂದರು. ಬಾಲ್ಕನಿಯಲ್ಲಿ ಎರಡು ಎಸಳು ಮುರಿದುಕೊಂಡು, ಹಗ್ಗದ ಮೇಲೆ ಒಣಗುತ್ತಿದ್ದ ಈಜುಡುಗೆಯತ್ತ ನೋಡಿ ಹೇಳಿದರು:

"ಬೆಳಿಗ್ಗೆ ಮೇಲಿಂದ ನೋಡ್ತಿದ್ದೆ ಕಣ್ರೀ. ಪಾಪ, ನಿಮ್ಮತ್ತೆಗೆ ಕೊನೇವರ್ಗೂ ಕಾಲು ನೆಲಕ್ಕೇ ಎಟುಕ್ಲಿಲ್ಲ ಅಲ್ವಾ? ಮುಂದಿನ್ಸಲ ಮಕ್ಕಳ ಪೂಲಲ್ಲಿ ಆಡ್ಸೋಕೆ ಹೇಳಿ."